ನಡೆದು ಬಂದವರು ನಡೆದೇ ಮನೆಗೆ ಹೋಗಲಿ

ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆ, ನರ್ಸಿಂಗ್ ಕಾಲೇಜುಗಳಿಂದ ಬಂದಿರುವ ಶುಶ್ರೂಷಕ ಬಂಧುಗಳೇ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದು ಕೂತಿರುವ ತಂಗಿಯರೇ,

ಈ ಸಮ್ಮೇಳನದ ಅಧ್ಯಕ್ಷಳಾಗಿ ಇಂದು ನಾನು ಹೇಳಬೇಕಾದದ್ದು ಒಂದೇ ವಿಷಯ. ವಯಸ್ಸಾದವರು ಆಸ್ಪತ್ರೆಗೆ ಸೇರಿದಾಗ ಅವರನ್ನು ರೋಗವೂ ಕುಗ್ಗಿಸುತ್ತದೆ, ಹಾಸಿಗೆಯೂ ಕುಗ್ಗಿಸುತ್ತದೆ. ರೋಗಕ್ಕೆ ವೈದ್ಯರ ಬಳಿ ಔಷಧಿ ಇದೆ. ಹಾಸಿಗೆಯಿಂದ ಎಬ್ಬಿಸುವ ಹೊಣೆ ನಮ್ಮದು. ನ್ಯುಮೋನಿಯಾ ವಾಸಿಯಾಯಿತು, ಆದರೆ ತಾನೇ ಎದ್ದು ಬಚ್ಚಲಿಗೆ ಹೋಗುತ್ತಿದ್ದ ಅಜ್ಜಿ ಸ್ಟ್ರೆಚರ್ ಮೇಲೆ ಮನೆಗೆ ಹೋದರು ಎಂದರೆ ಅದನ್ನು ಚಿಕಿತ್ಸೆಯ ಯಶಸ್ಸು ಎಂದು ಬರೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದನ್ನು ಮೊದಲು ಕಣ್ಣಿಟ್ಟು ನೋಡಿದವರಲ್ಲಿ ಲಂಡನ್ನಿನ ವೈದ್ಯೆ ಮಾರ್ಜರಿ ವಾರನ್ ಒಬ್ಬರು. 1935ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ಚಿಕಿತ್ಸಾಲಯವನ್ನು ವಹಿಸಿಕೊಂಡಾಗ 700ಕ್ಕೂ ಹೆಚ್ಚು ದೀರ್ಘಕಾಲದ ರೋಗಿಗಳು ಅವರ ಪಾಲಿಗೆ ಬಂದರು. ಸರಿಯಾದ ತಪಾಸಣೆಯೇ ಇಲ್ಲದೆ ಮಲಗಿಸಿಬಿಟ್ಟಿದ್ದ ಜನ ಅವರು. ವಾರನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು, ಏಳಬಲ್ಲವರನ್ನು ಎಬ್ಬಿಸಿದರು, ವಾರ್ಡಿಗೆ ಬೆಳಕು ತಂದರು, ನಡಿಗೆಯ ಅಭ್ಯಾಸ ಮಾಡಿಸಿದರು. ಜೀವನವಿಡೀ ಹಾಸಿಗೆಯೇ ಗತಿ ಎಂದುಕೊಂಡಿದ್ದ ಹಲವರು ಮನೆಗೆ ಹೋದರು. ವೃದ್ಧರ ವೈದ್ಯಶಾಸ್ತ್ರ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದದ್ದರ ಹಿಂದೆ ಆ ವಾರ್ಡಿನ ಅನುಭವವಿದೆ.

ನಮ್ಮ ವೃತ್ತಿಯವರೇ ಆದ ಡೊರೀನ್ ನಾರ್ಟನ್ ಅವರನ್ನೂ ಇಲ್ಲಿ ನೆನೆಯಲೇಬೇಕು. ಆಸ್ಪತ್ರೆಯಲ್ಲಿ ವೃದ್ಧರ ಶುಶ್ರೂಷೆಯ ಸಮಸ್ಯೆಗಳ ಕುರಿತು ಅವರು ಸಹೋದ್ಯೋಗಿಗಳೊಂದಿಗೆ ನಡೆಸಿದ ಅಧ್ಯಯನ 1962ರಲ್ಲಿ ಪ್ರಕಟವಾಯಿತು. ದೇಹಸ್ಥಿತಿ, ಮನಃಸ್ಥಿತಿ, ಓಡಾಟ, ಕೈಕಾಲುಗಳ ಚಲನೆ, ಮಲಮೂತ್ರದ ಹಿಡಿತ ಎಂಬ ಐದು ಅಂಶಗಳಿಗೆ ಅಂಕ ಕೊಟ್ಟು, ಯಾರಿಗೆ ಹಾಸಿಗೆ ಹುಣ್ಣು ಆಗಬಹುದೆಂದು ಮುಂಚೆಯೇ ಅಳೆಯುವ ನಾರ್ಟನ್ ಮಾಪಕ ಬಂದದ್ದು ಅಲ್ಲಿಂದ. ಒಟ್ಟು 20 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ. ಇದನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರೇ. ಆದರೂ ಬೆನ್ನು ಕೆಂಪಾದ ಕಡೆ ಸ್ಪಿರಿಟ್ ಹಚ್ಚಿ ಜೋರಾಗಿ ತಿಕ್ಕಿ ಪೌಡರ್ ಉದುರಿಸುವ ರೂಢಿಯನ್ನು ಈಗಲೂ ಕಾಣುತ್ತೇವೆ. ಆ ಚರ್ಮದಡಿಯ ರಕ್ತನಾಳಗಳು ಆಗಲೇ ನಲುಗಿರುತ್ತವೆ. ತಿಕ್ಕಿದರೆ ಪೆಟ್ಟು ಇನ್ನೂ ಹೆಚ್ಚು. ಅಲ್ಲಿಂದ ಭಾರ ಇಳಿಸಬೇಕು, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ವಯಸ್ಸಾದಂತೆ ಬಾಯಾರಿಕೆ ತಾನಾಗಿಯೇ ಕಡಿಮೆಯಾಗುತ್ತದೆ. ಅದರ ಮೇಲೆ ನಮ್ಮ ವಾರ್ಡುಗಳ ಹೆಂಗಸರು ಬೇಕೆಂದೇ ನೀರು ಕುಡಿಯುವುದನ್ನು ಬಿಡುತ್ತಾರೆ. ಕುಡಿದರೆ ಒಂದಕ್ಕೆ ಹೋಗಬೇಕು, ಹೋಗಬೇಕೆಂದರೆ ಯಾರನ್ನಾದರೂ ಕರೆಯಬೇಕು. ಸೊಸೆ ನಿದ್ದೆಗೆಟ್ಟಿದ್ದಾಳೆ, ಸಿಸ್ಟರ್ ಓಡಾಡುತ್ತಿದ್ದಾರೆ, ಬೆಡ್‌ಪ್ಯಾನ್ ಕೇಳಲು ನಾಚಿಕೆ. ಎರಡು ದಿನದಲ್ಲಿ ಮಲಬದ್ಧತೆ, ಮೂತ್ರದ ಸೋಂಕು. ಜ್ವರ ಬಾರದೆಯೂ ಇರಬಹುದು. ಮೂರನೆಯ ರಾತ್ರಿ ಅವರು ಯಾರನ್ನೋ ಕೂಗುತ್ತಾರೆ, ಡ್ರಿಪ್ ಕಿತ್ತು ಹಾಕುತ್ತಾರೆ, ಸ್ವಂತ ಮಗನನ್ನೇ ಗುರುತಿಸುವುದಿಲ್ಲ. ಮನೆಯವರು 'ಅರಳುಮರಳು' ಎನ್ನುತ್ತಾರೆ. ನಾವು ಕೈ ಕಟ್ಟುತ್ತೇವೆ, ನಿದ್ದೆಯ ಇಂಜೆಕ್ಷನ್ ಕೇಳುತ್ತೇವೆ.

ಅದು ಡೆಲಿರಿಯಂ. ಮರೆವಿನ ರೋಗ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಡೆಲಿರಿಯಂ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ, ಬೆಳಿಗ್ಗೆ ಇಳಿದು ಸಂಜೆ ಏರುತ್ತದೆ. ಕೂಗಾಡದೆ ಸುಮ್ಮನೆ ಮಂಕಾಗಿ ಮಲಗುವ ಬಗೆಯೂ ಉಂಟು. 'ಪಾಪ, ತೊಂದರೆ ಕೊಡದ ಅಜ್ಜ' ಎಂದು ನಾವು ಮೆಚ್ಚುವ ರೋಗಿಯೇ ಒಮ್ಮೊಮ್ಮೆ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುತ್ತಾರೆ. ಕೈ ಕಟ್ಟಿದರೆ ಗಲಿಬಿಲಿ ಹೆಚ್ಚುತ್ತದೆ. ಕಾರಣ ಹುಡುಕಬೇಕು: ಸೋಂಕೋ, ನೋವೋ, ಕಟ್ಟಿದ ಮೂತ್ರವೋ, ಸೋಡಿಯಂ ಇಳಿದಿದೆಯೋ, ಹೊಸ ಮಾತ್ರೆಯೋ.

ಇದನ್ನು ತಡೆಯಬಹುದು. ಅಮೆರಿಕದ ಯೇಲ್-ನ್ಯೂ ಹೇವನ್ ಆಸ್ಪತ್ರೆಯಲ್ಲಿ ಶರನ್ ಇನೌಯೆ ಮತ್ತು ಸಂಗಡಿಗರು 70 ವರ್ಷ ದಾಟಿದ 852 ರೋಗಿಗಳ ನಡುವೆ ನಡೆಸಿದ ಅಧ್ಯಯನ 1999ರಲ್ಲಿ ಹೊರಬಂತು. ಸಾಮಾನ್ಯ ಆರೈಕೆಯಲ್ಲಿದ್ದವರಲ್ಲಿ ಶೇ. 15 ಮಂದಿಗೆ ಡೆಲಿರಿಯಂ ಬಂದರೆ, ವಿಶೇಷ ಆರೈಕೆ ಪಡೆದವರಲ್ಲಿ ಅದು ಶೇ. 9.9. ಆ ವಿಶೇಷ ಆರೈಕೆ ಏನು ಗೊತ್ತೇ? ನೀರು ಕುಡಿಸುವುದು, ಕನ್ನಡಕ ಹಾಕುವುದು, ಕಿವಿಯ ಯಂತ್ರ ಕೊಡುವುದು, ನಡೆಸುವುದು, ರಾತ್ರಿ ಸದ್ದು ತಗ್ಗಿಸಿ ಮಲಗಲು ಬಿಡುವುದು, ಇವತ್ತು ಯಾವ ವಾರ, ಇದು ಯಾವ ಊರು ಎಂದು ಮಾತಾಡಿಸುವುದು. ನಮ್ಮಲ್ಲಿ ಕನ್ನಡಕ ಲಾಕರಿನಲ್ಲಿರುತ್ತದೆ, ಹಲ್ಲಿನ ಸೆಟ್ ಮನೆಯಲ್ಲಿರುತ್ತದೆ.

ಪ್ರೀತಿಯಿಂದಲೂ ನಾವು ವೃದ್ಧರನ್ನು ಪರಾವಲಂಬಿಗಳನ್ನಾಗಿ ಮಾಡುತ್ತೇವೆ. ಕೈ ನಡುಗಿದರೂ ತುತ್ತು ಬಾಯಿಗೆ ಒಯ್ಯಬಲ್ಲವರಿಗೆ ನಾವೇ ತಿನ್ನಿಸಿಬಿಡುತ್ತೇವೆ, ಹತ್ತು ನಿಮಿಷ ಉಳಿಯುತ್ತದೆಂದು. ನಡೆಯಬಲ್ಲವರಿಗೆ ಡೈಪರ್ ಕಟ್ಟುತ್ತೇವೆ. ಬೇಕಿಲ್ಲದ ಕ್ಯಾತಿಟರ್ ದಿನಗಟ್ಟಲೆ ಉಳಿದುಬಿಡುತ್ತದೆ. ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಕುರ್ಚಿಗೆ ಸರಿಯುವುದು, ಮಲಮೂತ್ರದ ಹಿಡಿತ, ಊಟ: 1963ರಲ್ಲಿ ಸಿಡ್ನಿ ಕಾಟ್ಜ್ ತಂಡ ಪಟ್ಟಿ ಮಾಡಿದ ಈ ಆರರಲ್ಲಿ ರೋಗಿ ಬಂದ ದಿನ ಏನೇನು ಮಾಡುತ್ತಿದ್ದರು ಎಂಬುದು ಕೇಸ್ ಶೀಟಿನಲ್ಲಿ ಇಲ್ಲದಿದ್ದರೆ, ಅವರು ಏನು ಕಳೆದುಕೊಂಡರೆಂದು ನಮಗೆ ತಿಳಿಯುವುದು ಹೇಗೆ?

ಇಂಥ ಆರೈಕೆ ಬೇಕಾದವರು ಕಡಿಮೆಯಿಲ್ಲ. 2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆಯ ಸುಮಾರು ಶೇ. 9.5 ಮಂದಿ 60 ದಾಟಿದವರು. 2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ ಜಿಲ್ಲಾಸ್ಪತ್ರೆಯಲ್ಲಿ 10 ಹಾಸಿಗೆಗಳ ವೃದ್ಧರ ವಾರ್ಡ್ ಇರಬೇಕೆನ್ನುತ್ತದೆ. ಹಾಸಿಗೆ ಹಾಕಿದರೆ ಸಾಲದು. ರಾತ್ರಿ ಒಬ್ಬಳೇ ನರ್ಸ್ ಇಡೀ ವಾರ್ಡ್ ನೋಡಬೇಕಾದರೆ ಮಗ್ಗುಲು ಬದಲಿಸುವ ಚಾರ್ಟ್ ಕಾಗದದ ಮೇಲೆ ಮಾತ್ರ ತುಂಬುತ್ತದೆ. ಆ ಚಾರ್ಟಿಗಾಗಿ ಅವಳನ್ನು ಬೈಯುವ ಮೊದಲು ಅವಳ ಜೊತೆಗೆ ಇನ್ನೊಬ್ಬಳನ್ನು ಕೊಡಿ ಎಂದು ಸರ್ಕಾರವನ್ನೂ ಖಾಸಗಿ ಆಡಳಿತಗಳನ್ನೂ ಈ ವೇದಿಕೆಯಿಂದ ಒತ್ತಾಯಿಸುತ್ತೇನೆ.

ಮಧ್ಯಾಹ್ನದ ಗೋಷ್ಠಿಗೆ ಎರಡು ನಿರ್ಣಯಗಳನ್ನು ಮುಂದಿಡುತ್ತೇನೆ. ದಾಖಲಾದ ದಿನವೇ 'ಹದಿನೈದು ದಿನದ ಹಿಂದೆ ಇವರು ಹೇಗಿದ್ದರು?' ಎಂದು ಮನೆಯವರನ್ನು ಕೇಳಿ, ಆರೂ ಕೆಲಸಗಳ ಸ್ಥಿತಿಯನ್ನು ಬರೆಯುವುದು. ಡಿಸ್ಚಾರ್ಜ್ ದಿನ ಅದನ್ನೇ ಮತ್ತೆ ಬರೆಯುವುದು. ಇನ್ನೊಂದು, ಮನೆಗೆ ಕಳಿಸುವ ಮುನ್ನ ನೋಡಿಕೊಳ್ಳುವವರ ಕೈಯಿಂದಲೇ ಒಮ್ಮೆ ಮಗ್ಗುಲು ಬದಲಿಸುವ, ನೆಟ್ಟಗೆ ಕೂರಿಸಿ ಊಟ ಮಾಡಿಸುವ ಅಭ್ಯಾಸ ಮಾಡಿಸುವುದು. ಇವಕ್ಕೆ ಹೊಸ ಯಂತ್ರ ಬೇಡ, ಹೊಸ ಆದೇಶವೂ ಬೇಡ. ಸೋಮವಾರದ ಬೆಳಗಿನ ಪಾಳಿಯಿಂದಲೇ ಶುರುಮಾಡಬಹುದು. ತಿದ್ದುಪಡಿಗಳಿದ್ದರೆ ಗೋಷ್ಠಿಯಲ್ಲಿ ಹೇಳಿ, ಚರ್ಚಿಸೋಣ.