ಸಂದರ್ಶನದ ಎದುರಿನಲ್ಲಿ ನಮ್ಮ ಮಕ್ಕಳು



೧೯೫೩ರ ಅಕ್ಟೋಬರ್ ೧ರಂದು ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿತು. ಅಂದಿನಿಂದ ಈ ಸೀಮೆಯಲ್ಲಿ ಕನ್ನಡದಲ್ಲಿ ಓದಿದವರು ಉದ್ಯೋಗಕ್ಕಾಗಿ ಹೆಚ್ಚಾಗಿ ತೆಲುಗು ಇಲ್ಲವೆ ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕಾಗಿದೆ. ಸಂದರ್ಶನವೆಂದೊಡನೆ ಅವರ ಎದೆ ನಡುಗುವುದು ಬಹುಮಟ್ಟಿಗೆ ಇದರಿಂದಲೇ ಹೊರತು ಜ್ಞಾನದ ಕೊರತೆಯಿಂದಲ್ಲ.

ಕೆಲವರು ಬಾಯಿಪಾಠದ ಉತ್ತರಗಳನ್ನು ಒಪ್ಪಿಸಲು ಹೊರಡುತ್ತಾರೆ. (ಅಂಥವನ್ನು ಕಲಿಸಿ ಹಣ ಪಡೆಯುವವರೂ ಉಂಟು!) ಎರಡನೆಯ ಪ್ರಶ್ನೆಗೇ ಅದು ಬಯಲಾಗುತ್ತದೆ. ಸಂದರ್ಶನವೆಂಬುದು ಪಾಟೀಸವಾಲಲ್ಲ, ಗೊತ್ತಾದ ಉದ್ದೇಶವುಳ್ಳ ಸಹಜ ಸಂಭಾಷಣೆಯೆಂದು ಕೇಂದ್ರ ಲೋಕಸೇವಾ ಆಯೋಗವೇ ತನ್ನ ಪ್ರಕಟಣೆಯಲ್ಲಿ ತಿಳಿಸಿದೆ. ಅದರ ಸಿವಿಲ್ ಸೇವಾ ಪರೀಕ್ಷೆಯ ೨,೦೨೫ ಅಂಕಗಳಲ್ಲಿ ೨೭೫ ಸಂದರ್ಶನಕ್ಕೆ ಮೀಸಲು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಅಲ್ಲಿಯೂ ಕನ್ನಡದಲ್ಲಿ ಉತ್ತರಿಸಬಹುದು. ಈ ಸಂಗತಿ ಪೆದ್ದಕಡುಬೂರಿನಲ್ಲಿ ಎಷ್ಟು ಮಂದಿಗೆ ಗೊತ್ತು?

ಸಿದ್ಧತೆಯೇ ಬೇಡವೆಂದು ಭಾವಿಸಬಾರದು. ಅರ್ಜಿಯಲ್ಲಿ ಬರೆದ ಪ್ರತಿಯೊಂದು ಮಾತಿಗೂ ನಿಮ್ಮಲ್ಲಿ ವಿವರಣೆಯಿರಲಿ. ರಜೆಯಲ್ಲಿ ಹತ್ತಿಯ ಹೊಲದಲ್ಲಿ ದುಡಿದವನು, ತೇವವಿದ್ದ ಹತ್ತಿಗೆ ಆದವಾನಿಯ ಮಾರುಕಟ್ಟೆಯಲ್ಲಿ ದರ ಏಕೆ ಇಳಿಯುತ್ತದೆಂಬುದನ್ನು ಬಲ್ಲನು. ಅದನ್ನು ಬಚ್ಚಿಟ್ಟು, ಓದದ ಗ್ರಂಥದ ಹೆಸರು ಹೇಳುವುದೇಕೆ? ತಿಳಿಯದ ಪ್ರಶ್ನೆಗೆ ತಿಳಿಯದೆಂದು ವಿನಯದಿಂದ ಹೇಳಿರಿ.

ತಾಯಿತಂದೆಗಳೇ, ಮಕ್ಕಳನ್ನು ಎದುರಿಗೆ ಕುಳ್ಳಿರಿಸಿಕೊಂಡು ದಿನಕ್ಕೊಂದು ಪ್ರಶ್ನೆ ಕೇಳಿರಿ. ಉತ್ತರ ಮೊದಲು ಕನ್ನಡದಲ್ಲಿ ಬರಲಿ, ಅನಂತರ ತೆಲುಗಿನಲ್ಲಿ.