ಹಳೆಯ ಲ್ಯಾಪ್‌ಟಾಪ್‌ಗೆ ಹಗುರ ಲಿನಕ್ಸ್



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತುಹೋಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಹತ್ತು ವರ್ಷದ ಹಿಂದಿನ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಅಲ್ಲಿಗೇ ಹೊರಗುಳಿದವು. ಅವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಒಮ್ಮೆ ನೋಡಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ. 2 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, 4 ಇದ್ದರೆ ಆರಾಮ.

ಅದನ್ನು ಪೆನ್‌ಡ್ರೈವ್‌ಗೆ ಬೂಟ್ ಆಗುವಂತೆ ಬರೆದುಕೊಂಡು ಅದರಿಂದಲೇ ಕಂಪ್ಯೂಟರ್ ಶುರುಮಾಡಿದರೆ, ಹಾರ್ಡ್‌ಡಿಸ್ಕ್ ಮುಟ್ಟದೆಯೇ ಇಡೀ ವ್ಯವಸ್ಥೆ ತೆರೆದುಕೊಳ್ಳುತ್ತದೆ. ವೈಫೈ, ಸ್ಪೀಕರ್, ಪ್ರಿಂಟರ್ ಎಲ್ಲ ಅಲ್ಲೇ ಪರೀಕ್ಷಿಸಿ. ಸರಿಹೋಗದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು. ಟ್ಯಾಲಿಯಲ್ಲೇ ಲೆಕ್ಕ ಬರೆಯುವ ಅಂಗಡಿಯವರಿಗೆ ಮಾತ್ರ ಇದು ಬೇಡ. ಅದು ವಿಂಡೋಸ್‌ಗೆಂದೇ ಇರುವ ತಂತ್ರಾಂಶ.

ವೇಗದ ವಿಷಯದಲ್ಲಿ ಭ್ರಮೆ ಇಟ್ಟುಕೊಳ್ಳಬೇಡಿ. ಹಗುರವಾಗುವುದು ಡೆಸ್ಕ್‌ಟಾಪ್, ಬ್ರೌಸರ್ ಅಲ್ಲ. ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಲಿನಕ್ಸೂ ಏದುಸಿರು ಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕಿಟಕಿಗಳ ನೆರಳು, ಪಾರದರ್ಶಕತೆಯಂಥ ಅಲಂಕಾರ ತೆಗೆದುಹಾಕಿ, ತಾನಾಗಿ ಶುರುವಾಗುವ ಬೇಡದ ಪ್ರೋಗ್ರಾಮ್‌ಗಳನ್ನು ನಿಲ್ಲಿಸಿದರೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರಂತೂ ಫರಕು ಕಣ್ಣಿಗೇ ಕಾಣುತ್ತದೆ. ನನ್ನ ಮಟ್ಟಿಗೆ, ಖರ್ಚು ಮಾಡುವುದಾದರೆ ಇದಕ್ಕೇ ಮಾಡಬೇಕು.

ನಮಗೆ ಮುಖ್ಯವಾದದ್ದು ಕನ್ನಡ ಟೈಪಿಂಗ್. ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಲೇಔಟ್‌ಗಳ ಪಟ್ಟಿಗೆ ಕನ್ನಡ ಕಗಪ ಸೇರಿಸಿ. ನುಡಿ ತಂತ್ರಾಂಶ ಬಳಸಿದವರಿಗೆ ಬಹುತೇಕ ಅದೇ ವಿನ್ಯಾಸ: ಎಸ್, ಎಫ್, ಕೆ ಒತ್ತಿದರೆ 'ಸ್ಕ'. ಸ್ವರಾಕ್ಷರಗಳಲ್ಲಿ ಮಾತ್ರ ವ್ಯತ್ಯಾಸವಿದೆ, ಬೆರಳು ಬೇಗ ಹೊಂದಿಕೊಳ್ಳುತ್ತದೆ. ಇಂಗ್ಲಿಷಿಗೂ ಕನ್ನಡಕ್ಕೂ ಜಿಗಿಯಲು ಒಂದು ಶಾರ್ಟ್‌ಕಟ್ ಗೊತ್ತುಮಾಡಿಕೊಳ್ಳಿ. ಇದೆಲ್ಲ ಯೂನಿಕೋಡ್ ಆದ್ದರಿಂದ ಇಲ್ಲಿ ಬರೆದದ್ದು ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ.

ತೊಡಕಿರುವುದು ಹಳೆಯ ಕಡತಗಳಲ್ಲಿ. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದ ಮದುವೆ ಕರೆಯೋಲೆ, ಸಂಘದ ನಡಾವಳಿ, ಅಪ್ಪನ ಲೇಖನಗಳು ಇಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಅವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸಬೇಕು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅಲ್ಲಲ್ಲಿ ಎಡವಟ್ಟಾಗುವುದುಂಟು, ಒಮ್ಮೆ ಓದಿ ತಿದ್ದಬೇಕಾಗುತ್ತದೆ. ಈ ಕೆಲಸವನ್ನು ವಿಂಡೋಸ್ ಇನ್ನೂ ಇರುವಾಗಲೇ ಮುಗಿಸಿ, ಎಲ್ಲದರ ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿಟ್ಟು, ಆಮೇಲೆ ಇನ್‌ಸ್ಟಾಲ್ ಗುಂಡಿ ಒತ್ತಿ.