ಡಬ್ಬದ ಮುಚ್ಚಳ ತೆರೆಯುವ ಮೊದಲು

ಒಂದು ದಿನದ ಸಂಬಳ ಬಿಟ್ಟು ಜಿಲ್ಲೆಯ ಮೂಲೆಮೂಲೆಗಳಿಂದ ಉಡುಪಿಗೆ ಬಂದಿರುವ ಪೈಂಟರ್ ಬಂಧುಗಳೇ, ಸಹೋದರಿಯರೇ,

ಅಟ್ಟ ಕಟ್ಟಿ, ಬ್ರಷ್ ಹಿಡಿದು ಬದುಕಿದವನನ್ನು ಈ ಸಮಾವೇಶದ ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದೀರಿ. ನಮ್ಮ ಕಸುಬಿಗೇ ಸಂದ ಗೌರವವೆಂದು ತಲೆಬಾಗಿ ಸ್ವೀಕರಿಸುತ್ತೇನೆ. ನನಗೆ ಸಿಕ್ಕ ಸಮಯವನ್ನು ಬಣ್ಣದ ಡಬ್ಬದ ಮುಚ್ಚಳ ತೆರೆಯುವ ಮೊದಲಿನ ಕೆಲಸಕ್ಕೇ ಮೀಸಲಿಡುತ್ತೇನೆ. ಕೆರೆಯುವುದು, ತೊಳೆಯುವುದು, ಒಣಗಲು ಬಿಡುವುದು, ಉಜ್ಜುವುದು: ಯಾರ ಕಣ್ಣಿಗೂ ಬೀಳದ ಈ ನಾಲ್ಕು ಕೆಲಸಗಳ ಮೇಲೆಯೇ ನಮ್ಮ ಹೆಸರು ನಿಂತಿದೆ.

ಹಲವು ವರ್ಷಗಳ ಹಿಂದಿನ ಮಾತು. ಮದುವೆಗೆ ಎಂಟು ದಿನ ಇರುವಾಗ ಒಂದು ಹಳೆಯ ಮನೆಯ ಕೆಲಸ ಒಪ್ಪಿಕೊಂಡೆ. ಸುಣ್ಣದ ಮೇಲೆ ಸುಣ್ಣ ಬಳಿದು ದಪ್ಪಗಟ್ಟಿದ್ದ ಗೋಡೆ. ಪೊರಕೆಯಲ್ಲಿ ಧೂಳು ಹೊಡೆದು ಎರಡು ಕೋಟ್ ಎಮಲ್ಷನ್ ಬಳಿದೆವು. ಮದುವೆಯ ದಿನ ಮನೆ ಝಗಝಗಿಸಿತು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಆ ಮನೆಯಿಂದ ಕರೆ ಬಂತು. ಹೋಗಿ ನೋಡಿದರೆ ಬಣ್ಣ ಹಪ್ಪಳದಂತೆ ಉಬ್ಬಿ, ಹಾಳೆಹಾಳೆಯಾಗಿ ಜೋತುಬಿದ್ದಿತ್ತು. ಮನೆಯ ಅಮ್ಮ ಬೈಯಲಿಲ್ಲ. ಒಂದು ಚೂರು ಕಿತ್ತು ನನ್ನ ಅಂಗೈಗಿಟ್ಟು, “ಇದರ ಹಿಂಬದಿ ನೋಡಿ ಮೇಸ್ತ್ರಿ” ಎಂದರು. ಹಿಂಬದಿಯಲ್ಲಿ ಹಿಟ್ಟಿನಂಥ ಸುಣ್ಣ. ಬಣ್ಣ ಸುಣ್ಣವನ್ನು ಬಿಗಿಯಾಗಿಯೇ ಹಿಡಿದಿತ್ತು. ಸುಣ್ಣ ಗೋಡೆಯನ್ನು ಹಿಡಿದಿರಲಿಲ್ಲ. ಆ ಗೋಡೆಯನ್ನು ಸಾರಣೆ ಕಾಣುವವರೆಗೆ ನನ್ನ ಖರ್ಚಿನಲ್ಲೇ ಕೆರೆದು ಹೊಸದಾಗಿ ಮಾಡಿಕೊಟ್ಟೆ.

ಅಂದಿನಿಂದ ಕಿತ್ತುಬಂದ ಬಣ್ಣದ ಬೆನ್ನನ್ನು ಓದುವುದು ನನಗೆ ಅಭ್ಯಾಸವಾಗಿದೆ. ಬೆನ್ನಿಗೆ ಸುಣ್ಣ ಹತ್ತಿದ್ದರೆ ಕೆರೆದಿಲ್ಲ. ಪುಟ್ಟಿಯೇ ಕಿತ್ತು ಬಂದಿದ್ದರೆ ಅದರ ಹಿಂದೆ ಧೂಳೋ ನೀರೋ ಇತ್ತು. ಮರಳು ಉದುರಿದರೆ ಸಾರಣೆಯೇ ಸಡಿಲ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ಗೋಡೆಯಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳಲಾರದು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಗೋಡೆಗಳ ಮುರಕಲ್ಲು ನೀರು ಕುಡಿಯುವ ಕಲ್ಲು. ಆದ್ದರಿಂದ ಮೊದಲು ನೀರಿನ ಜಾಡು ಹಿಡಿಯಬೇಕು: ತಾರಸಿಯ ಬಿರುಕೋ, ಸಜ್ಜದ ಸಂದೋ, ಗೋಡೆಯೊಳಗಿನ ಪೈಪೋ. ಅದನ್ನು ಮುಚ್ಚದೆ ಎಷ್ಟು ದುಬಾರಿ ಬಣ್ಣ ಬಳಿದರೂ ಒಳಗಿನ ನೀರು ಹೊರಗೆ ಬಂದೇ ಬರುತ್ತದೆ, ಬರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ಗೋಡೆ ಒಣಗಿದೆಯೇ ಎಂಬ ಅನುಮಾನವಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ, 16 ಗಂಟೆ ಬಿಡಿ. ಒಳಬದಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು.

ಹೊಸ ಸಾರಣೆಗೂ ಕಾಯಬೇಕು. ಹಸಿ ಸಿಮೆಂಟಿನ ಕ್ಷಾರ ಬಲು ತೀಕ್ಷ್ಣ, ಪಿಎಚ್ 12ರ ಮೇಲೆ. ಅದರ ಮೇಲೆ ಎಣ್ಣೆ ಪೈಂಟ್ ಬಳಿದರೆ ಕ್ಷಾರವೂ ಎಣ್ಣೆಯೂ ಸೇರಿ ಸಾಬೂನಾಗುತ್ತದೆ, ಕೈಯಿಟ್ಟರೆ ಜಿಗುಟು. ಕನಿಷ್ಠ 28 ದಿನ ಬಿಡಿ, ಮಳೆಗಾಲವಾದರೆ ಇನ್ನೂ ಹೆಚ್ಚು. ಪಾಚಿ, ಬೂಷ್ಟು ಇದ್ದಲ್ಲಿ ಬ್ಲೀಚಿಂಗ್ ಪುಡಿಯ ನೀರು ಹಚ್ಚಿ, ಉಜ್ಜಿ, ತೊಳೆದು, ಒಣಗಿಸಿ. ಆ ನೀರಿಗೆ ಆಸಿಡ್ ತಾಗಿಸಲೇಬೇಡಿ. ಏಳುವ ವಿಷಾನಿಲ ಜೀವ ತೆಗೆಯಬಲ್ಲದು. ಬಿರುಕನ್ನು ಮೇಲಿಂದ ಸವರಿ ಮುಚ್ಚದೆ, ಅಗಲಿಸಿ, ಧೂಳು ತೆಗೆದು ತುಂಬಿ. ಪುಟ್ಟಿ ಉಜ್ಜಿದ ಮೇಲೆ ಧೂಳು ಒರೆಸಿಯೇ ಪ್ರೈಮರ್ ಹಚ್ಚಿ.

ಈಗ ನಮ್ಮ ದೇಹದ ಮಾತು. ಪುಟ್ಟಿ ಉಜ್ಜುವ ಹುಡುಗರು ಸಂಜೆ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿ ಕೆಳಗಿಳಿಯುವುದನ್ನು ನಾವು ದಿನವೂ ನೋಡುತ್ತೇವೆ. ಹುಬ್ಬಿನ ಮೇಲೆ ಕೂತ ಧೂಳು ಎದೆಯೊಳಗೂ ಇಳಿದಿರುತ್ತದೆ. ಕರ್ಚೀಫು ಸಾಲದು, ಸರಿಯಾದ ಮಾಸ್ಕ್ ಬೇಕು. ಮನೆಬಳಕೆಯ ಪೈಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೆಯ ಕಿಟಕಿ, ಬಾಗಿಲು, ಸರಳುಗಳ ಎಣ್ಣೆ ಪೈಂಟಿನಲ್ಲಿ ಸೀಸ ಇದ್ದೀತೆಂದೇ ತಿಳಿದು ನೀರು ಹಚ್ಚಿ ವಾಟರ್ ಪೇಪರಿನಿಂದ ಉಜ್ಜಿ, ಒಣಗಾಗಿ ಕೆರೆಯಬೇಡಿ. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಇದೆಲ್ಲ ಗೊತ್ತಿದ್ದೂ ನಾವೇಕೆ ಬಿಡುತ್ತೇವೆ? ಚದರಡಿಗೆ ಇಷ್ಟು ಎಂದು ಒಂದೇ ದರ ಹೇಳುತ್ತೇವೆ. ಮನೆಯವರು ಚೌಕಾಸಿ ಮಾಡಿದಾಗ ಡಬ್ಬದ ಬೆಲೆ ಇಳಿಯದು, ಕೂಲಿ ಇಳಿಸಲಾಗದು. ಕಡಿತವಾಗುವುದು ಕೆರೆಯುವ ದಿನ, ಒಣಗುವ ದಿನ. ಕಾಣದ ಕೆಲಸಕ್ಕೆ ಲೆಕ್ಕದಲ್ಲೂ ಜಾಗವಿಲ್ಲದಿದ್ದರೆ ಅದು ಉಳಿಯುವುದು ಹೇಗೆ? ಸಾರಣೆ ಗೋಡೆಗೆ ಬಣ್ಣ ಬಳಿಯುವ ಬಗ್ಗೆ ಐಎಸ್ 2395 ಎಂಬ ಭಾರತೀಯ ಮಾನಕವೇ ಇದೆ. ಅದರ ಮೊದಲ ಭಾಗ ಕೆಲಸದ ಕ್ರಮವನ್ನೂ ಕೈಗೆಲಸವನ್ನೂ ಕುರಿತದ್ದು. ನಮ್ಮ ಕೈಗೆ ಅಲ್ಲಿ ಮೊದಲ ಸ್ಥಾನವಿರುವಾಗ ನಮ್ಮದೇ ಅಂದಾಜು ಪಟ್ಟಿಯಲ್ಲಿ ಏಕಿರಬಾರದು?

ಆದ್ದರಿಂದ ಈ ಸಭೆಯ ಮುಂದೆ ಒಂದೇ ನಿರ್ಣಯ ಇಡುತ್ತೇನೆ. ಇನ್ನು ಮುಂದೆ ನಮ್ಮ ಪ್ರತಿ ಅಂದಾಜು ಪಟ್ಟಿಯಲ್ಲಿ “ಗೋಡೆ ತಯಾರಿ” ಬೇರೆಯೇ ಸಾಲಾಗಿರಲಿ. ಅದರ ದಿನ, ಅದರ ಕೂಲಿ, ಒಣಗಲು ಬಿಡುವ ಅವಧಿ ಮೂರನ್ನೂ ಬರೆಯೋಣ. ಮನೆಯವರನ್ನು ಗೋಡೆಯ ಬಳಿ ಕರೆದು ತೋರಿಸಿ ವಿವರಿಸೋಣ. ಕಾರಣ ಕಣ್ಣಾರೆ ಕಂಡವರು ಆ ಸಾಲನ್ನು ಸುಮ್ಮನೆ ಹೊಡೆದುಹಾಕುವುದಿಲ್ಲ.

ನಾಳೆ ಬೆಳಗ್ಗೆ ಕೆಲಸಕ್ಕೆ ಹೋದೊಡನೆ ಅಂಗೈಯನ್ನು ಒಮ್ಮೆ ಗೋಡೆಗೆ ಒತ್ತಿ ಉಜ್ಜಿ ನೋಡಿ. ಕೈಗೆ ಬಿಳಿ ಹತ್ತಿದರೆ ಸ್ಕ್ರೇಪರ್ ಎತ್ತಿಕೊಳ್ಳಿ, ಡಬ್ಬ ಮುಚ್ಚಿಯೇ ಇರಲಿ.